ಅಂಗಡಿಯಿಂದ ಬಂದ ಫೋನು

ರೀ,

ನೀವು ಪ್ರಾರ್ಥನೆಗೆ ಕೂತಿದ್ರಿ, ಕರೆಯೋಕೆ ಮನಸ್ಸಾಗಲಿಲ್ಲ. ನಾನು ಹೊಲಿಗೆ ಕೆಲಸಕ್ಕೆ ಹೊರಟೆ. ಊಟ ಒಲೆ ಮೇಲಿದೆ, ಮಗಳಿಗೆ ಬಿಸಿ ಮಾಡಿ ಕೊಡಿ. ಅಡುಗೆಮನೆ ಡಬ್ಬಿಗಳಿಗೆಲ್ಲ ತಾರೀಕು ಬರೆದು ಅಂಟಿಸಿದ್ದು ಸಾಕು. ಇದು ನಿಮ್ಮ ಔಷಧಿ ಅಂಗಡಿಯಲ್ಲ, ಉಪ್ಪು ಕೆಡಲ್ಲ!

ಅಂಗಡಿ ಮಾಲೀಕರು ಫೋನ್ ಮಾಡಿದ್ರು. ಹಳೇ ಔಷಧಿಗೆ ಹೊಸ ತಾರೀಕು ಹಾಕೋಕೆ ಒಪ್ಪಿದ್ರೆ ನಾಳೆಯಿಂದಲೇ ಕೆಲಸಕ್ಕೆ ಬರಬಹುದಂತೆ. ಆ ಕೆಲಸ ಹೋದಾಗಿಂದ, ಈ ನಾಲ್ಕು ತಿಂಗಳೂ, "ದೇವರು ಮೆಚ್ಚದ್ದನ್ನ ಮಾಡಲ್ಲ, ಅವನು ಕೈಬಿಡಲ್ಲ" ಅಂತ ನೀವು ಅಂದಾಗೆಲ್ಲ ಸಿಡುಕಿದ್ದೀನಿ. ಆದ್ರೂ ನೀವು ಒಂದು ದಿನವೂ ಅಲುಗಾಡಲಿಲ್ಲ. ನೋಡಿ ನೋಡಿ ನನಗೂ ಅಂಟಿಕೊಳ್ತೋ ಏನೋ, "ಅವರು ಬರಲ್ಲ" ಅಂತ ನಾನೇ ಹೇಳಿಬಿಟ್ಟೆ.

ನಾಳೆ ಪ್ರಾರ್ಥನೆಗೆ ನನ್ನನ್ನೂ ಎಬ್ಬಿಸಿ.