ಮೂರನೆಯ ಲೋಟ

ಬೀದರ,
ಎರಡನೆಯ ಚೈತ್ರದ ಮೂವತ್ತೆರಡನೆಯ ದಿನ, ೨೧೯೧

ದೊಡ್ಡವ್ವ ಕರುಣಾವತಿಯವರಿಗೆ, ನಿಮ್ಮ ತಂಗಿ ರಾಹೇಲಮ್ಮನ ಆರನೆಯ ತಲೆಮಾರಿನ ದೇವಕೃಪಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಕುಡಿದು ಬರೆದಿದ್ದಾರೆಂದು ಕಾಗದ ಹರಿಯಬೇಡಿ. ಮಳೆ ಬಿಸಿಲು ತಮ್ಮ ಕಾಲ ಮರೆತ ಮೇಲೆ ನಮ್ಮವರು ಪಂಚಾಂಗವನ್ನೇ ತಿದ್ದಿದರು. ಈಗ ಚೈತ್ರ ಎರಡು, ಎರಡನೆಯದಕ್ಕೆ ಮೂವತ್ತೆರಡು ದಿನ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕ ನೋಡಿ ಕಲಿತು ಬರೆಯುತ್ತಿದ್ದೇನೆ. ಮಾತು ಒರಟಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ನನ್ನ ಪಾಲಿನದು ಇದು. ನೀವು ಐರ್ಲೆಂಡಿನ ಆಸ್ಪತ್ರೆಗೆ ನರ್ಸ್ ಆಗಿ ಹೊರಡಲು ನಾಲ್ಕು ದಿನ ಇರುವಾಗ ನಿಮ್ಮ ಕೈಸೇರಬೇಕು.

ನಾನು ಬೀದರದ ಕಾರಣದ ಮನೆಯಲ್ಲಿ ಕಾರಣಗಿತ್ತಿ. ಸೂಲಗಿತ್ತಿ ಕೂಸನ್ನು ಹೊರಗೆ ತರುತ್ತಾಳೆ, ನಾವು ಕಾರಣವನ್ನು ಹೊರಗೆ ತರುತ್ತೇವೆ. ನನ್ನಜ್ಜಿಯ ಕಾಲದಲ್ಲಿ ದೇಶ ಬಿಟ್ಟು ಹೋಗುವವರು ಎಷ್ಟು ಹೆಚ್ಚಿದರೆಂದರೆ ಈ ಊರಿನ ಮೂರು ಓಣಿಗಳಿಗೆ ಒಂದೇ ಒಲೆ ಉರಿಯುತ್ತಿತ್ತಂತೆ. ಸರ್ಕಾರ ಪಗಾರ ಸಾಲದೆಂದು ತಿಳಿದು ಪಗಾರ ಹೆಚ್ಚಿಸಿತು, ಜನ ಹೋದರು. ನೀರಿಲ್ಲದ್ದಕ್ಕೆ ಎಂದುಕೊಂಡು ಸುಲ್ತಾನರ ಕಾಲದ ನೆಲದೊಳಗಿನ ಕಾಲುವೆಗಳನ್ನು ತೋಡಿಸಿ ನೀರು ಹರಿಸಿತು; ಜನ ಆ ನೀರು ಕುಡಿದು ಹೋದರು. ಕೊನೆಗೆ ಯಾರಿಗೋ ಬುದ್ಧಿ ಬಂತು, ಹೋಗುವವರನ್ನೇ ಕೇಳಿದರಾಯಿತಲ್ಲ ಎಂದು. ಅಂದಿನಿಂದ ನಮ್ಮ ಕಚೇರಿ ನಡೆದಿದೆ. ನಾವು ಯಾರನ್ನೂ ತಡೆಯುವುದಿಲ್ಲ. ಹೋಗುವವರು ಬಂದು ಕಾರಣ ಹೇಳಬೇಕು, ಅಷ್ಟೇ. ಅವರು ಒಪ್ಪಿದರೆ ಮನೆಯವರೊಬ್ಬರು ಚಾಪೆಯ ಪರದೆಯ ಹಿಂದೆ ಕುಳಿತು ಕೇಳಬಹುದು.

ಕೇಳುವುದಕ್ಕೆ ಒಂದು ಕ್ರಮವಿದೆ. ಮೊದಲು ಒಂದು ಲೋಟ ನೀರು ಕೊಟ್ಟು ಯಾಕೆಂದು ಕೇಳುತ್ತೇವೆ. ಆಮೇಲೆ ಮಜ್ಜಿಗೆ ಕೊಟ್ಟು ಅದನ್ನೇ ಕೇಳುತ್ತೇವೆ. ಮೂರನೆಯ ಸಲ ಖಾಲಿ ಲೋಟ ಮುಂದಿಟ್ಟು ಸುಮ್ಮನೆ ಕೂರುತ್ತೇವೆ. ಖಾಲಿ ಲೋಟ ಎದುರಿಗಿದ್ದರೆ ಮನುಷ್ಯನಿಗೆ ಕೈ ಎಲ್ಲಿಡಬೇಕು ತಿಳಿಯುವುದಿಲ್ಲ, ಬಾಯಿ ತಾನಾಗಿ ಬಿಚ್ಚುತ್ತದೆ. ನೀರಿನ ಕಾರಣ ಎಲ್ಲರದೂ ಒಂದೇ: “ಅಲ್ಲಿ ಪಗಾರ ಛಲೋ ಅದರಿ.” ಮಜ್ಜಿಗೆಯ ಹೊತ್ತಿಗೆ ಅಣ್ಣತಮ್ಮಂದಿರ ಜಗಳ, ಮುರಿದ ಮದುವೆ ಬರುತ್ತವೆ. ಖಾಲಿ ಲೋಟದ ಮಾತೇ ಬೇರೆ. ಒಬ್ಬ ಕ್ಷೌರಿಕ ಹೇಳಿದ: “ಇಲ್ಲಿ ಎಲ್ಲಾರಿಗೂ ನಮ್ಮಪ್ಪ ಯಾರಂತ ಗೊತ್ತದ. ಅಲ್ಲಿ ಯಾರಿಗೂ ಗೊತ್ತಿರಂಗಿಲ್ಲ.” ಎಪ್ಪತ್ತೊಂದು ವರ್ಷದ ಮುದುಕರೊಬ್ಬರು, ಹೆಂಡತಿ ಸತ್ತು ನಾಲ್ಕು ವರ್ಷವಾದರೂ ಓಣಿಯವರು ಸಮಾಧಾನ ಹೇಳುವುದು ಬಿಟ್ಟಿಲ್ಲ, ಅದಕ್ಕೇ ಹೊರಟೆ ಎಂದರು. ಒಬ್ಬಾಕೆ, ತಾನು ತಿರುಗಿ ಬರುತ್ತೇನೋ ಇಲ್ಲವೋ ನೋಡಬೇಕಾಗಿದೆ ಎಂದಳು. ಬರೆದಿಟ್ಟ ಕಾರಣಗಳ ಯಾವ ಕಂತೆಯಲ್ಲಿ ಇದನ್ನಿಡಬೇಕೆಂದು ನಮಗೆ ಇನ್ನೂ ತಿಳಿದಿಲ್ಲ.

ಇಪ್ಪತ್ತಾರು ವರ್ಷ ಈ ಕೆಲಸ ಮಾಡಿ ನನಗೆ ಸೊಕ್ಕು ಬಂದಿತ್ತು ದೊಡ್ಡವ್ವ. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಳ್ಳಲ್ಲ. ನನ್ನ ಮಗಳು ಎಸ್ತೇರಿ ಗ್ರೀನ್‌ಲ್ಯಾಂಡಿಗೆ ಹೊರಟಳು. ಈಗ ಅಲ್ಲಿ ಹಿಮ ಹಿಂದೆ ಸರಿದು ಜೋಳ ಬೆಳೆಯುತ್ತದೆ, ಕರಗಿದ ನೀರು ಅಳೆಯುವವರು ಬೇಕಾಗಿದ್ದಾರೆ. ಅವಳ ಕಾರಣ ಕೇಳಿದ್ದು ನನ್ನ ಜೊತೆಗಾತಿ. ಪರದೆಯ ಹಿಂದೆ ನಾನು ಕೂರಬಹುದೇ ಎಂದು ಕೇಳಿದಾಗ ಎಸ್ತೇರಿ ಹೂಂ ಎಂದಳು. ನೀರು ಕುಡಿದು ಪಗಾರ ಎಂದಳು. ಮಜ್ಜಿಗೆ ಮುಟ್ಟಲಿಲ್ಲ. ಖಾಲಿ ಲೋಟವನ್ನು ಬೋರಲು ಹಾಕಿ, ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದಳು:

“ಅವ್ವನ ಸಲುವಾಗಿ ಹೊಂಟೀನಿ. ಸಿಟ್ಟಿಲ್ಲ. ಸಾಲಿಯಿಂದ ತಡಾ ಆದ್ರ ಮೂರು ಲೋಟ, ಗೆಳತಿ ಜೋಡಿ ಮಾತು ಬಿಟ್ರ ಮೂರು ಲೋಟ. ಯಾಕ, ಯಾಕ, ಯಾಕ. ಒಂದರೇ ಕೆಲಸ ಯಾಕಂತ ಹೇಳದೇ ಮಾಡ್ಬೇಕಾಗ್ಯದ ನನಗ.”

ಅದು ನಿಜ. ಕಚೇರಿಯ ಲೋಟಗಳನ್ನು ಮನೆಗೆ ತಂದವಳು ನಾನೇ. ಮಕ್ಕಳನ್ನು ಪ್ರೀತಿಸುವುದೆಂದರೆ ಕೇಳುವುದು ಎಂದುಕೊಂಡಿದ್ದೆ. ಪರದೆಯ ಹಿಂದೆ ನನಗೆ ನಾಚಿಕೆಯಾಯಿತು, ಅಳು ಬಂತು, ಎದ್ದು ಹೋಗಲೂ ಆಗಲಿಲ್ಲ.

ಕೇಳುವ ಚಟ ನಮ್ಮ ಮನೆಗೆ ಬಂದದ್ದು ನಿಮ್ಮಿಂದ. ನೀವು ಹೊರಡುವ ದಿನ, ನಿಮಗದು ಇನ್ನೂ ಬರಬೇಕಾದ ದಿನ, ರಾಹೇಲಮ್ಮ ನಿಮ್ಮ ಪೆಟ್ಟಿಗೆಯ ಮೇಲೆ ಕುಳಿತು ಯಾಕೆ ಹೋಗುತ್ತೀ ಹೇಳು ಎಂದು ಹಟ ಹಿಡಿದಳಂತೆ. ನೀವು ಹೇಳಲಿಲ್ಲ. ಪೆಟ್ಟಿಗೆ ಅಲ್ಲೇ ಬಿಟ್ಟು ಹೋದಿರಿ, ಹೋಗಿ ಮುಟ್ಟಿದ ಸುದ್ದಿಯನ್ನೂ ತಿಳಿಸಲಿಲ್ಲ. ರಾಹೇಲಮ್ಮ ಫೋನನ್ನು ರೊಟ್ಟಿ ಬಡಿಯುವಾಗಲೂ ಪಕ್ಕದಲ್ಲಿಟ್ಟುಕೊಂಡು ಒಂದು ವರ್ಷ ಕಾದಳು. ಆಮೇಲೆ ತನ್ನ ಮಗಳನ್ನು ಬಾಗಿಲು ದಾಟುವಾಗಲೆಲ್ಲ ಕೇಳತೊಡಗಿದಳು. ಆ ಮಗಳು ತನ್ನ ಮಗಳನ್ನು ಕೇಳಿದಳು. ಕಬ್ಬಿಣದ ಆ ಪೆಟ್ಟಿಗೆ ಈಗ ನನ್ನ ಮಂಚದ ಕೆಳಗಿದೆ.

ನಿಮ್ಮ ಕಾರಣವನ್ನು ಒಂದು ಚೀಟಿಯಲ್ಲಿ ಬರೆದು ಆ ಪೆಟ್ಟಿಗೆಯೊಳಗಿಡಿ ಎಂದು ಬೇಡಿಕೊಳ್ಳಲೆಂದೇ ಹೋದ ವಾರ ಈ ಕಾಗದ ಶುರು ಮಾಡಿದ್ದೆ. ಇವತ್ತು ಬೆಳಿಗ್ಗೆ, ಒಂಬತ್ತು ದಿನದ ಗಾಳಿಹಡಗಿನ ಪ್ರಯಾಣ ಹನ್ನೆರಡು ದಿನವಾದ ಮೇಲೆ, ಎಸ್ತೇರಿಯ ಸುದ್ದಿ ಬಂತು: “ಮುಟ್ಟೀನಿ ಅವ್ವಾ.” ಎರಡೇ ಮಾತು. ಯಾಕ ತಡಾ ಆತು ಎಂದು ಬರೆದೆ. ಅಳಿಸಿದೆ. ಛಲೋ ಆತು ಎಂದಷ್ಟೇ ಬರೆದು ಕಳಿಸಿ, ಮೂರೂ ಲೋಟ ತೊಳೆದು ಕಚೇರಿಗೆ ತಿರುಗಿ ಕೊಟ್ಟು ಬಂದೆ.

ಆದ್ದರಿಂದ ಚೀಟಿ ಬೇಡ ದೊಡ್ಡವ್ವ. ನಿಮ್ಮ ಕಾರಣ ನಿಮ್ಮಲ್ಲೇ ಇರಲಿ. ಧೈರ್ಯವಾಗಿ ಹೋಗಿರಿ, ಅಲ್ಲಿ ಚಳಿ ಬಹಳವಂತೆ. ವಿಮಾನದಿಂದ ಇಳಿದ ಕೂಡಲೇ ರಾಹೇಲಮ್ಮನಿಗೆ ಫೋನ್ ಹಚ್ಚಿ, ಮುಟ್ಟೀನಿ ಅನ್ನಿ. ಅವಳು ಯಾಕೆಂದು ಕೇಳುವ ಮೊದಲೇ ಬೇಕಾದರೆ ಫೋನ್ ಇಟ್ಟುಬಿಡಿ.

ನಿಮ್ಮ ಮನೆಯವಳು,
ದೇವಕೃಪಾ