ತಿಪ್ಪಯ್ಯನ ಮೆಡಲ್

18 ಜುಲೈ 1999, ಭಾನುವಾರ
ಮತ್ತೆ ಗುಬ್ಬಿ. ಅಪ್ಪ ಬೆಳಿಗ್ಗೆ ಏಳಕ್ಕೇ ರೆಡಿ. ಬಟವಾಡಿ ಬಸ್ ಸ್ಟಾಪಿಗೆ ಸ್ಕೂಟರಿನಲ್ಲಿ ಬಿಟ್ಟು ಬಂದೆ. ದಾರಿಯಲ್ಲಿ ಖಾರಾಬೂಂದಿ ಕಟ್ಟಿಸಿದರು, ಪುಟ್ಟರಂಗನಿಗೆ ಇಷ್ಟವಂತೆ. ನನಗೇನು ಇಷ್ಟ ಎಂದು ಕೇಳಿದರೆ ತಡವರಿಸುತ್ತಾರೆ.

ಪುಟ್ಟರಂಗ ಅಪ್ಪನ ಮಿಲಿಟರಿ ಸ್ನೇಹಿತನ ಮಗ. ತಂದೆ ಇಲ್ಲ. ನನಗಿಂತ ಎರಡು ವರ್ಷ ದೊಡ್ಡವನು, ಗುಬ್ಬಿಯಲ್ಲಿ ಮೇಷ್ಟ್ರು. ಅಷ್ಟೇ ನನಗೆ ಗೊತ್ತು. ತಿಂಗಳಿಗೊಂದು ಭಾನುವಾರ ಅವನ ಮನೆಗೆ ಮೀಸಲು. ನನ್ನ ಮದುವೆ ದಿನ ಮುಹೂರ್ತ ಮೀರುತ್ತಿದ್ದರೂ ಅಪ್ಪ ಛತ್ರದ ಗೇಟಿನಲ್ಲಿ ನಿಂತಿದ್ದರು, ಅವನ ಬಸ್ಸು ಬರಲಿ ಎಂದು. ಇದನ್ನು ನೆನೆಸಿಕೊಂಡಾಗಲೆಲ್ಲ ಹೊಟ್ಟೆಯುರಿ ಎಂದು ನನ್ನ ಹೆಂಡತಿ ಶಕುಂತಲಾ ನಗುತ್ತಾಳೆ. ಹೌದು, ಹೊಟ್ಟೆಯುರಿಯೇ. ಮೂವತ್ತಮೂರು ವರ್ಷದವನಿಗೆ ಇರಬಾರದೆ?

27 ಜುಲೈ, ಮಂಗಳವಾರ
ಕಾರ್ಗಿಲ್ ಆದಮೇಲೆ ಮಾಜಿ ಸೈನಿಕರಿಗೆ ಎಲ್ಲಿಲ್ಲದ ಮರ್ಯಾದೆ. ಆಗಸ್ಟ್ ಹದಿನೈದಕ್ಕೆ ಮೆಡಲ್ ಹಾಕಿಕೊಂಡು ಬನ್ನಿ ಎಂದು ಎರಡು ಶಾಲೆಯವರು ಅಪ್ಪನನ್ನು ಕರೆದಿದ್ದಾರೆ. ಒಂದು ನನ್ನ ಮಗಳು ಕೃತಿಕಾಳದು, ಇನ್ನೊಂದು ಪುಟ್ಟರಂಗನದು.

ಕ್ಲೀನ್ ಮಾಡುವ ಕೆಲಸ ನನಗೆ. ಸತ್ಯಮಂಗಲದ ಪ್ಲೇಟಿಂಗ್ ಯೂನಿಟ್ಟಿನಲ್ಲಿ ದಿನವೂ ಮಾಡುವುದು ಅದೇ ತಾನೆ, ಲೋಹ ಉಜ್ಜಿ ಹೊಳಪು ಕೊಡುವುದು. ಟ್ರಂಕಿನಲ್ಲಿ 1965ರ ಯುದ್ಧದ ರಕ್ಷಾ ಮೆಡಲ್ — ಎರಡು. ಒಂದೇ ಥರದ್ದು ಎರಡು ಯಾಕೆ? ಒಂದು ಕಪ್ಪಗೆ ಜಿಡ್ಡುಗಟ್ಟಿದೆ, ರಿಬ್ಬನ್ನು ಇಲಿ ತಿಂದಿದೆ. ಇನ್ನೊಂದು ಕೈಯಾಡಿ ನುಣುಪಾಗಿದೆ, ರಿಬ್ಬನ್ನೂ ಸವೆದಿದೆ. ಮೆಷಿನ್ನಿಗೆ ಹಿಡಿಯುವ ಹಾಗಿಲ್ಲ, ಅಕ್ಷರ ಹೋಗುತ್ತದೆ. ಅಂಟುವಾಳದ ನೀರಿನಲ್ಲಿ ನೆನೆಹಾಕಿದೆ.

29 ಜುಲೈ, ಟೀ ಟೈಮ್
ಮೆತ್ತನೆ ಬ್ರಷ್ಷು, ಆಮೇಲೆ ಹತ್ತಿ ಬಟ್ಟೆ. ಅಂಚಿನಲ್ಲಿ ಇಂಗ್ಲಿಷಿನಲ್ಲಿ ಹೆಸರಿರುತ್ತದೆ. ಲೆನ್ಸ್ ಹಿಡಿದು ನೋಡಿದೆ. ಕಪ್ಪಗಿದ್ದದ್ದು ಅಪ್ಪನದು, ಜುಂಜಪ್ಪ ಎಂದಿದೆ. ನುಣುಪಾಗಿದ್ದದ್ದು — ತಿಪ್ಪಯ್ಯ. ಯಾರವನು?

ತನ್ನದನ್ನು ಇಲಿಗೆ ಬಿಟ್ಟು ಯಾರದೋ ಮೆಡಲನ್ನು ಇಷ್ಟು ವರ್ಷ ಮುದ್ದು ಮಾಡಿದ್ದಾರೆ. ಅಪ್ಪನನ್ನು ಕೇಳಲಿಲ್ಲ. ಕೇಳಿದರೆ ಕಿತ್ತುಕೊಂಡು ಟ್ರಂಕಿಗೆ ಹಾಕುತ್ತಾರೆ.

8 ಆಗಸ್ಟ್, ಭಾನುವಾರ
ಕುಣಿಗಲ್‌ಗೆ ಹೋಗಿದ್ದೆ. ಅಪ್ಪನ ರೆಜಿಮೆಂಟಿನ ಕರಿಸಿದ್ದಪ್ಪನವರ ಮನೆಗೆ. ಮೆಡಲನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

“ಗುಬ್ಬಿ ತಿಪ್ಪಯ್ಯಂದು ಕಣಪ್ಪ ಇದು. ನಿಮ್ಮಪ್ಪನೂ ಅವ್ನೂ ಒಂದೇ ದಿವ್ಸ ಸೇರ್ದೋರು. ಅರವತ್ತೈದ್ರಲ್ಲಿ ಹೋದೋನು ವಾಪಸ್ ಬರ್ಲಿಲ್ಲ. ಬಾಡಿನೂ ಸಿಗ್ಲಿಲ್ಲ. ಮಗ ಮೇಷ್ಟ್ರಾಗವ್ನಂತೆ, ಪುಟ್ಟರಂಗ ಅಂತ.”

ಪುಟ್ಟರಂಗ. ಎಲ್ಲಿ ಹೋದರೂ ಇವನೇ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ಮನೆಯವರ ವಸ್ತು ಅಪ್ಪನ ಹತ್ತಿರ ಉಳಿದುಬಿಟ್ಟಿದೆ. ಅದಕ್ಕೇ ಈ ಹೋಗಿ ಬರುವುದೆಲ್ಲ. ಕೊಟ್ಟುಬಿಟ್ಟರೆ ಗುಬ್ಬಿಯ ಋಣ ಮುಗಿಯಿತು. ಅಪ್ಪ ಪೂರ್ತಿ ನಮ್ಮವರಾಗುತ್ತಾರೆ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ.

12 ಆಗಸ್ಟ್
ಅಪ್ಪನ ಮೆಡಲನ್ನು ಅವರ ಕೈಗೆ ಕೊಟ್ಟೆ. “ಇನ್ನೊಂದೆಲ್ಲಿ?” ಅಂದರು.
“ರಿಬ್ಬನ್ ಬರ್ಬೇಕು, ಬೆಂಗಳೂರಿಂದ.”
ರಿಬ್ಬನ್ ಬಂದು ಮೂರು ದಿನವಾಗಿದೆ. ಹೊಲಿದೂ ಆಗಿದೆ. ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಯಾವ ಪೀಸೂ ಬಂದಿಲ್ಲ.

15 ಆಗಸ್ಟ್
ಅಪ್ಪ ಪುಟ್ಟರಂಗನ ಶಾಲೆಗೇ ಹೋದರು. ತಾತ ಬರುತ್ತಾರೆ ಎಂದು ಕೃತಿಕಾ ಕ್ಲಾಸಿಗೆಲ್ಲ ಹೇಳಿಕೊಂಡಿದ್ದಳು. ಮನೆಗೆ ಬಂದು ಅತ್ತಳು. “ಮುಂದಿನ್ ವರ್ಸ ಬತ್ತೀನಿ ಬುಡು ಮಗ” ಅಂದರಂತೆ. ನಾನೂ ಚಿಕ್ಕಂದಿನಲ್ಲಿ ಇದೇ ಮಾತು ಕೇಳಿ ಕೇಳಿ... ಬೇಡ. ಮುಂದಿನ ಭಾನುವಾರ ಹೋಗಿ ಕೊಟ್ಟೇ ಬರುತ್ತೇನೆ.

22 ಆಗಸ್ಟ್, ಭಾನುವಾರ
ಕೊಟ್ಟು ಬಂದೆ. ಇದ್ದದ್ದು ಇದ್ದ ಹಾಗೆ ಬರೆಯಬೇಕು.

ತಿಪ್ಪಯ್ಯನ ಹೆಂಡತಿ ನರಸಿಂಹಮ್ಮ ಬಾಗಿಲಿಗೆ ಬಂದರು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ನೋಡಿದೆ. ನೋಡಿಯೂ ತಲೆಗೆ ಹೋಗಲಿಲ್ಲ. “ಜುಂಜಪ್ಪಣ್ಣನ ಮಗನೇನಪ್ಪ? ಬಾ ಮಗ, ಊಟ ಮಾಡೀವಂತೆ” ಅಂದರು. ನಾನು ನಿಂತಲ್ಲೇ ಪೊಟ್ಟಣ ಬಿಚ್ಚಿ ಮೆಡಲ್ ಕೊಟ್ಟೆ. ಕೈ ಚಾಚಲಿಲ್ಲ. ನನ್ನ ಮುಖವನ್ನೇ ನೋಡಿದರು.

“ಅಣ್ಣನೇ ಕೊಟ್‌ಕಳಿಸ್ತಾ?”
“ಹೂಂ” ಅಂದೆ.

ಆಗ ತೆಗೆದುಕೊಂಡರು. ಸೆರಗಿನಲ್ಲಿ. “ಆಯ್ತಪ್ಪ” ಎಂದು ಒಳಗೆ ಹೋದರು. ಪುಟ್ಟರಂಗ ಹಿತ್ತಿಲಿನಿಂದ ಓಡಿ ಬಂದ.

“ಏನ್ ಕೊಟ್ರಿ ಅವ್ವಂಗೆ?”

ಹೇಳಿದೆ. ಅವನು ಜಗಲಿಯ ಮೇಲೆ ಕುಸಿದು ಕೂತ. “ಪೋಸ್ಟಲ್ಲಿ ಬಂದಾಗ ಅವ್ವ ಅದನ್ನ ಮುಟ್ಲೇ ಇಲ್ಲ. ಮುಟ್ಟಿದ್ರೆ ಅಪ್ಪ ಇಲ್ಲ ಅಂತ ಒಪ್ಕೊಂಡಂಗೆ. ಜುಂಜಪ್ಪ ಮಾವಂಗೇ ತಗೊಂಡೋಗಕ್ಕೆ ಹೇಳಿ, ‘ನಮ್ಮೋರು ಬರಲ್ಲ ಅಂತ ನಿಮ್ಗೆ ಖಾತ್ರಿ ಆದ್ ದಿವ್ಸ ತಂದ್ಕೊಡಣ್ಣ, ಅಲ್ಲೀಗಂಟ ನಾನು ಮುತ್ತೈದೆನೇ’ ಅಂದಿದ್ಲು.”

ಒಳಗಿನಿಂದ ಬಳೆ ಒಡೆಯುವ ಸದ್ದು. ಅಳು ಇಲ್ಲ. ಬರೀ ಬಳೆ. ಅಪ್ಪ ಕಳಿಸಿಲ್ಲ ಎಂದು ಆಗಲೂ ಹೇಳಬಹುದಿತ್ತು. ಆಕೆ ಹೊರಗೆ ಬಂದಾಗ ಹಣೆ ತೊಳೆದಿತ್ತು.

23 ಆಗಸ್ಟ್
ಅಪ್ಪನಿಗೆ ಹೇಳಿಲ್ಲ. ಎರಡು ಸಲ ರೂಮಿನ ಬಾಗಿಲವರೆಗೆ ಹೋಗಿ ಬಂದೆ.

24 ಆಗಸ್ಟ್, ಬೆಳಿಗ್ಗೆ
ಹೇಳುವ ಕಷ್ಟ ಉಳಿಯಲಿಲ್ಲ. ಪುಟ್ಟರಂಗನೇ ಬಂದ. ತಲೆ ಬೋಳಿಸಿಕೊಂಡಿದ್ದ. ನಿನ್ನೆ ದರ್ಭೆಯಲ್ಲಿ ಬೊಂಬೆ ಮಾಡಿ ತಂದೆಗೆ ಸಂಸ್ಕಾರ ಮಾಡಿದನಂತೆ. ಎಲ್ಲ ಹೇಳಿದ. ನನ್ನನ್ನು ದೂರಲೂ ಇಲ್ಲ, ಅದೇ ತಡೆಯಲಾಗದ್ದು. ಅಪ್ಪ ಅವನ ಬೋಳು ತಲೆ ಸವರುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ತಿಪ್ಪ ಸತ್ತಿದ್ದು ನನ್ ಕಣ್ಮುಂದೇನೇ ಕಣ್ಲಾ. ಪ್ರತಿ ಸಲ ಅದನ್ನ ಜೇಬಲ್ಲಿ ಇಟ್ಕೊಂಡೇ ಹೋಗ್ತಿದ್ದೆ, ಇವತ್ತು ಹೇಳ್ಬೇಕು ಅಂತ. ಆಯಮ್ಮ ನಗ್ತಾ ಊಟಕ್ಕಿಕ್ಕೋರು. ವಾಪಸ್ ತತ್ತಿದ್ದೆ. ನನ್ ಕೈಲಿ ಆಗ್ದೆ ಇದ್ದಿದ್ನ ನೀನು ಮಾಡ್ಬುಟ್ಟೆ.”

ಬೈದರೋ ಏನೋ ತಿಳಿಯಲಿಲ್ಲ. ದನಿ ಏರಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯದವರೆಗೆ ಅಪ್ಪ ಗುಬ್ಬಿಯಲ್ಲೇ ಇರುತ್ತಾರಂತೆ. ಶಕುಂತಲಾ ಬಟ್ಟೆ ಜೋಡಿಸಿಕೊಟ್ಟಳು. ಎರಡು ಬಳೆಕೈ ಬರಿದು ಮಾಡಿ ಬಂದಿದ್ದೇನೆ, ಅದಕ್ಕೆ ಅಳಬೇಕು. ಅಳು ಬರುತ್ತಿರುವುದು ಬೇರೆಯದಕ್ಕೆ. ನನ್ನ ಅವ್ವ ತೀರಿಹೋದಾಗ ನಾನು ತಲೆ ಬೋಳಿಸಿಕೊಂಡೆ, ಅಪ್ಪ ಮೀಸೆಯನ್ನೂ ಮುಟ್ಟಲಿಲ್ಲ. ಇವತ್ತು ಬಚ್ಚಲಿಗೆ ಹೋದವರು ತಲೆ, ಮೀಸೆ ಎರಡೂ ಬೋಳಿಸಿಕೊಂಡು ಬಂದರು. ಪುಟ್ಟರಂಗ ಅಪ್ಪನ ಬ್ಯಾಗ್ ಹಿಡಿದುಕೊಂಡ. ಆಟೋದಲ್ಲಿ ಅಕ್ಕಪಕ್ಕ ಕೂತರು. ಆಟೋದವನು ನನ್ನನ್ನು ತೋರಿಸಿ, “ಇವ್ರು ಯಾರು, ಬರ್ತಾರಾ?” ಎಂದು ಕೇಳಿದ್ದಕ್ಕೆ ಅಪ್ಪ “ಬರಲ್ಲ, ನಡಿಯಪ್ಪ” ಎಂದಷ್ಟೇ ಅಂದರು, ಯಾರೆಂದು ಹೇಳಲಿಲ್ಲ.