ಕಿತ್ತಳೆ ಸುಲಿಯುವ ದೃಶ್ಯ

ಮಾರ್ಚ್ ೧೨, ಬುಧವಾರ

ಇವತ್ತು ನನಗೆ ಅನ್ಯಾಯವಾಗಿದೆ. ನಮ್ಮ ಪತ್ರಿಕೆಯ ಸಿನಿಮಾ ಪುಟವನ್ನು ಸಂಪಾದಕರು ನನ್ನಿಂದ ಕಿತ್ತು, ಅಲ್ಲೇ ಬರೆಯುವ ನನ್ನ ಅತ್ತಿಗೆಯ ತಂಗಿಗೆ ಕೊಟ್ಟರು.

ಈ ತಿಂಗಳ ಅನಿಮೇಷನ್ ಚಿತ್ರಗಳ ಬಗ್ಗೆ ಇಬ್ಬರೂ ಬರೆದಿದ್ದೆವು. ಜೇಡಿಮಣ್ಣಿನ ಗೊಂಬೆಗಳದ್ದೊಂದು, ಮಾತಾಡುವ ಕರಡಿಯದ್ದೊಂದು, ಜಪಾನಿನ ಅನಿಮೆ ಎರಡು. ನಾಲ್ಕನ್ನೂ ಬಂಡವಾಳಶಾಹಿಯ ಲಾಲಿಹಾಡು ಎಂದು ನಾನು ಝಾಡಿಸಿದ್ದೆ. ಅವಳು ಒಂದೇ ದೃಶ್ಯ ಹಿಡಿದಿದ್ದಳು: ಯಂತ್ರಮಾನವರು ಊರು ಸುಡುವ ಅನಿಮೆಯಲ್ಲಿ ಒಬ್ಬ ತಾಯಿ ನಿಧಾನವಾಗಿ ಕಿತ್ತಳೆ ಸುಲಿಯುತ್ತಾಳೆ. ಆ ಬೆರಳುಗಳನ್ನು ಯಾರೋ ಚಿತ್ರಕಾರರು ದಿನಗಟ್ಟಲೆ ಬಗ್ಗಿ ಕೂತು ಬಿಡಿಸಿರಬೇಕು, ಅವರ ಬೆನ್ನು ಎಷ್ಟು ನೊಂದಿತೋ ಎಂದು ಬರೆದಿದ್ದಾಳೆ.

ಕಾರ್ಮಿಕರ ಪರ ಗಂಟಲು ಹರಿದುಕೊಳ್ಳುವವನು ನಾನು. ಆ ಬೆನ್ನು ನನಗೇಕೆ ಕಾಣಲಿಲ್ಲ? ಹೊಟ್ಟೆ ಉರಿಯುತ್ತಿದೆ. ಇದನ್ನು ಸೈದ್ಧಾಂತಿಕ ಭಿನ್ನಾಭಿಪ್ರಾಯ ಎನ್ನಲು ಸಂಜೆಯೆಲ್ಲ ಹೆಣಗಿದೆ.

"ಏನ್ ಭಾವ, ಮುಖ ಸುಟ್ಟ ಬದನೆಕಾಯಿ ಆಗಿದೆ?" ಎಂದಳು ಅವಳು, ರಾತ್ರಿ ಮನೆಗೆ ಬಂದಾಗ. "ಕಿತ್ತಳೆ ಸುಲಿಯೋವಾಗ ನಿದ್ದೆ ಹೊಡೀತಿದ್ರಾ?"

"ಟಿಪ್ಪಣಿ ಬರ್ಕೋತಿದ್ದೆ."

"ಎರಡೂ ಒಂದೇ. ಇನ್ನೊಂದ್ಸಲ ನೋಡೋಣ ಬನ್ನಿ. ಪೆನ್ನು ಮನೇಲೇ ಬಿಟ್ಟು ಬನ್ನಿ."

ಹೋದರೆ ಸೋತಂತೆ. ಆದರೆ ಅವಳಿಗೆ ಕಂಡದ್ದು ನನಗೂ ಕಾಣಲೇಬೇಕು. ಒಪ್ಪಿಕೊಂಡೆ. ಶನಿವಾರ ಸಂಜೆ ಆರು ಗಂಟೆಗೆ, ಚಿತ್ರಮಂದಿರದ ಟಿಕೆಟ್ ಕಿಟಕಿಯ ಹತ್ತಿರ.